ದೆವ್ವದ ಟ್ರೇಲರಿನಲ್ಲಿ ಕಳೆದುಹೋದ ಕುರಿ

ಮನುಷ್ಯನನ್ನು ಅಂಜಿಸಲಿಕ್ಕೆ ದೆವ್ವ ಬೇಕಾಗಿಲ್ಲ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾಲ್ಕನೆಯ ಇಯತ್ತೆಯ ನಡುವೆಯೇ ಪಾಟಿಚೀಲವನ್ನು ಗೂಟಕ್ಕೆ ಹಾಕಿದವನು ನಾನು. ಟೂರಿಂಗ್ ಟಾಕೀಸಿನ ಯಂತ್ರದ ಹಿಂದೆ ನಿಂತು, ಒಂದೇ ದೆವ್ವವನ್ನು ದಿನಕ್ಕೆ ಎರಡು ಆಟದಂತೆ ವಾರಗಟ್ಟಲೆ ನೋಡಿ, ಬೆವರು ಸುರಿಸಿ ಕಲಿತ ವಿದ್ಯೆ ಇದು. ಇದೇ ವಿದ್ಯೆಯಿಂದ ನನ್ನ ಮದುವೆಯೂ ಆಯಿತು. ಸಾಲಿ ಕಲಿತವರಲ್ಲಿ ಎಷ್ಟು ಜನರಿಗೆ ತಮ್ಮ ವಿದ್ಯೆ ಅಷ್ಟು ಉಪಯೋಗಕ್ಕೆ ಬಂದಿದೆಯೋ ನಾನರಿಯೆ.

ಹಾಗೆ ನೋಡಿದರೆ ಮೊದಲ ಪಾಠ ಸಾಲಿಯಲ್ಲೇ ಆಗಿತ್ತು. ನಮ್ಮ ಮಾಸ್ತರರು ಲೆಕ್ಕ ತಪ್ಪಿದವನ ಮುಂದೆ ಬಂದು ಹೊಡೆಯುತ್ತಿರಲಿಲ್ಲ. ಹಿಂದಿನ ಗೋಡೆಗುಂಟ ಸಾವಕಾಶ ನಡೆದು ಬರುತ್ತಿದ್ದರು. ಚಪ್ಪಲಿಯ ಸದ್ದು ಒಂದೊಂದೇ ಸಾಲು ದಾಟಿ ಬಂದು, ನಮ್ಮ ಬೆನ್ನ ಹಿಂದೆ ನಿಂತುಬಿಡುತ್ತಿತ್ತು. ಹೊಡೆತ ಬೀಳುವುದು ಎಷ್ಟೋ ಹೊತ್ತಿನ ಮೇಲೆ. ಕೆಲವು ಸಲ ಬೀಳುತ್ತಲೇ ಇರಲಿಲ್ಲ. ನಾನು ಸಾಲಿ ಬಿಟ್ಟದ್ದು ಹೊಡೆತಕ್ಕಲ್ಲ, ಆ ನಡಿಗೆಗೆ.

ನಮ್ಮದು ಕಳ್ಳಕವಟಗಿಯಲ್ಲಿ ಕುರಿ ಕಾಯುವ ಮನೆತನ. ಸಾಲಿಯ ಜೊತೆ ಕುರಿಯನ್ನೂ ಬಿಟ್ಟು ನಾನು ವಿಜಾಪುರಕ್ಕೆ ಹೋದೆ. ಅಲ್ಲಿ ಒಂದು ಟಾಕೀಸಿನಲ್ಲಿ ರೀಲಿನ ಡಬ್ಬಿ ಹೊತ್ತು, ಯಂತ್ರ ಒರೆಸಿ, ಅದಕ್ಕೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಉರಿಸುವುದನ್ನು ಕಲಿತು, ಮೀಸೆ ಮೂಡುವ ಹೊತ್ತಿಗೆ ಪೂರಾ ಆಪರೇಟರ್ ಆಗಿದ್ದೆ. ಎಪ್ಪತ್ತರ ದಶಕದ ನಡುವೆ ಒಬ್ಬ ಸಾಹುಕಾರರು ತಮ್ಮ ಟೂರಿಂಗ್ ಟಾಕೀಸಿಗೆ ನನ್ನನ್ನು ಕರೆದುಕೊಂಡರು. ಆಗ ನಮ್ಮ ಡೇರೆ ಟಿಕೋಟಾದಲ್ಲಿತ್ತು.

ಒಂದು ದಿನ ಹುಬ್ಬಳ್ಳಿಯಿಂದ ದೆವ್ವದ ಸಿನಿಮಾದ ಟ್ರೇಲರ್ ಬಂತು. ಸಿನಿಮಾ ಬರುವುದು ಇನ್ನೂ ಎರಡು ವಾರಕ್ಕೆ. ಅಲ್ಲಿಯವರೆಗೆ ಪ್ರತಿ ಆಟಕ್ಕೂ ಮೊದಲು ಇದನ್ನು ಬಿಟ್ಟು ಜನರ ಎದೆ ನಡುಗಿಸಬೇಕೆಂದು ಸಾಹುಕಾರರ ಅಪ್ಪಣೆ. ಟ್ರೇಲರಿನಲ್ಲಿ ಇದ್ದದ್ದು ಇಷ್ಟು. ಹಾಳು ಬಂಗಲೆಯಲ್ಲಿ ಒಬ್ಬ ಹೆಣ್ಣುಮಗಳು ಮೇಣಬತ್ತಿ ಹಿಡಿದು ಮೆಟ್ಟಿಲು ಇಳಿಯುತ್ತಾಳೆ. ಉದ್ದನೆಯ ಪಡಸಾಲೆಯಲ್ಲಿ ನಡೆಯುತ್ತಾಳೆ. ಕೊನೆಗೊಂದು ಬಾಗಿಲು. ಬಾಗಿಲು ತೆರೆಯುತ್ತದೆ, ಒಳಗಿಂದ ದೆವ್ವ ಬರುತ್ತದೆ, ಅವಳ ಕಣ್ಣು ಪರದೆಯ ತುಂಬ ಅಗಲವಾಗುತ್ತದೆ.

ದೆವ್ವ ಬಂದದ್ದೇ ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಗಟ್ಟಿಯಾಗಿ ಹೇಳಿದಳು, “ಗಿರಣಿಯಾಂವ ಬಂದ್ನಲ್ಲಬೇ.”

ಡೇರೆಗೆ ಡೇರೆಯೇ ನಕ್ಕಿತು. ತಪ್ಪು ಮುದುಕಿಯದಲ್ಲ. ಆ ದೆವ್ವದ ಮುಖಕ್ಕೆ ಬಳಿದ ಬಿಳಿ ಬಣ್ಣ ಥೇಟ್ ಜೋಳದ ಹಿಟ್ಟಿನಂತೆಯೇ ಇತ್ತು. ಹುಬ್ಬಿನ ಮೇಲೂ ಹಿಟ್ಟು, ಕಿವಿಯಲ್ಲೂ ಹಿಟ್ಟು. ಟಿಕೋಟಾದ ಹಿಟ್ಟಿನ ಗಿರಣಿಯವನು ಸಂಜೆ ಮನೆಗೆ ಹೋಗುವಾಗ ಹೀಗೇ ಕಾಣುತ್ತಿದ್ದ. ಅವನೂ ಆ ದಿನ ಮುಂದೆಯೇ ಕುಳಿತಿದ್ದ. ಮರುದಿನದಿಂದ ಓಣಿಯ ಹುಡುಗರು ಅವನನ್ನು ಕಂಡರೆ ಬಾಗಿಲು ಕಿರುಗುಟ್ಟುವ ಸದ್ದು ಮಾಡತೊಡಗಿದರು. ಮೂರನೆಯ ದಿನ ಅವನು ಡೇರೆಗೆ ಬಂದು, ಒಂದೋ ಆ ದೆವ್ವ ಊರಲ್ಲಿರಬೇಕು ಇಲ್ಲವೇ ತಾನಿರಬೇಕು ಎಂದು ಸಾಹುಕಾರರಿಗೆ ಹೇಳಿ ಹೋದ. ನಗಿಸುವ ಸಿನಿಮಾ ಬೇರೆ ತಂದಿದ್ದೇನೆ, ಇದಕ್ಕೆ ಜನ ಅಂಜದಿದ್ದರೆ ಡೇರೆಗೆ ಬರುವವರು ಯಾರು ಎಂದು ಸಾಹುಕಾರರು ನನ್ನ ಮೇಲೆ ಹರಿಹಾಯ್ದರು. ದೆವ್ವವನ್ನು ನಾನೇ ಹೆತ್ತಂತೆ.

ನನ್ನ ಮೊದಲ ಉಪಾಯ ಕೆಟ್ಟದ್ದಾಗಿತ್ತು, ಮುಚ್ಚಿಡುವುದಿಲ್ಲ. ಚಿತ್ರ ಅಲುಗಾಡಿದರೆ ಜನ ಅಂಜಬಹುದೆಂದು ದೆವ್ವ ಬರುವ ಹೊತ್ತಿಗೆ ಯಂತ್ರದ ಮೂತಿಯನ್ನು ಎತ್ತಿ ಅಲುಗಾಡಿಸಿದೆ. ಮೆಟ್ಟಿಲು ಇಳಿಯಬೇಕಾದ ಹೆಣ್ಣುಮಗಳು ಡೇರೆಯ ಕಂಬ ಏರಿದಳು. ದೆವ್ವ ಚಾವಣಿಯ ಅರಿವೆಯ ತೂತಿನಿಂದ ಅರ್ಧ ಆಕಾಶಕ್ಕೆ ಹೋಯಿತು. ಜನ ಸೀಟಿ ಹೊಡೆದು ಇನ್ನೊಮ್ಮೆ ಹಾಕೆಂದರು.

ಆಮೇಲೆ ನಾನು ಬುದ್ಧಿ ತಂದುಕೊಂಡು ಒಂದು ಕೆಲಸ ಮಾಡಿದೆ. ಟ್ರೇಲರ್ ಓಡುವಾಗ ಪರದೆ ನೋಡುವುದನ್ನು ಬಿಟ್ಟು ಜನರ ಬೆನ್ನು ನೋಡಲು ಶುರುಮಾಡಿದೆ. ಹಿಂದಿನಿಂದ ನೋಡಿದರೆ ಮನುಷ್ಯ ಸುಳ್ಳು ಹೇಳಲಾರ. ಹೆಣ್ಣುಮಗಳನ್ನು ಎದುರಿನಿಂದ ತೋರಿಸಿದಾಗ ಯಾರೂ ಅಲುಗುತ್ತಿರಲಿಲ್ಲ. ಕ್ಯಾಮೆರಾ ಅವಳ ಬೆನ್ನ ಹಿಂದೆ ಹೋಗಿ ಕುತ್ತಿಗೆಯ ಹತ್ತಿರ ನಡೆಯತೊಡಗಿದರೆ ಎಲ್ಲರ ಹೆಗಲು ಮೇಲೇರುತ್ತಿದ್ದವು. ಅವಳ ಹಿಂದೆ ನಡೆಯುತ್ತಿರುವವರು ಯಾರು? ಯಾರೂ ಅಲ್ಲ, ನಾವೇ. ಆದರೂ ಅಂಜಿಕೆ. ಕ್ಯಾಮೆರಾ ನೆಲಕ್ಕೆ ಹತ್ತಿ, ಬೆಕ್ಕಿನಷ್ಟು ಎತ್ತರದಲ್ಲಿ ಪಡಸಾಲೆಗುಂಟ ಸಾಗುವಾಗ ನೆಲದ ಮೇಲೆ ಕುಳಿತವರು ಕಾಲು ಮಡಚಿಕೊಳ್ಳುತ್ತಿದ್ದರು. ಬಾಗಿಲು ತಾನಾಗಿ ಹತ್ತಿರ ಬರುತ್ತಿರುವಂತೆ ಕಾಣುವಾಗ ಬೀಡಿ ಸೇದುವವರು ಸೇದುವುದನ್ನೇ ಮರೆಯುತ್ತಿದ್ದರು. ಇದೆಲ್ಲ ನಮ್ಮ ಮಾಸ್ತರರ ನಡಿಗೆಯೇ. ಬಾಗಿಲು ತೆರೆದು ಗಿರಣಿಯವನು ಬಂದದ್ದೇ ಹೆಗಲುಗಳು ಇಳಿಯುತ್ತಿದ್ದವು. ಹೊಡೆತ ಬಿದ್ದಮೇಲೆ ಅಂಜುವುದೇನಿದೆ?

ನಮ್ಮ ಕಸುಬಿನಲ್ಲಿ ಒಂದು ಮೊಳ ರೀಲೆಂದರೆ ಒಂದು ಸೆಕೆಂಡು. ದೆವ್ವ ಎಂಟು ಮೊಳ ಇತ್ತು. ಮಧ್ಯಾಹ್ನ ಕುಳಿತು ಬ್ಲೇಡಿನಿಂದ ಎಂಟೂ ಮೊಳ ಕತ್ತರಿಸಿ ತೆಗೆದೆ. ತುದಿಗಳ ಬಣ್ಣ ಕೆರೆದು ಅಂಟು ಹಚ್ಚಿ, ತೆರೆದ ಬಾಗಿಲಿನ ಕತ್ತಲೆಗೆ ಆ ಹೆಣ್ಣುಮಗಳ ಅಗಲವಾದ ಕಣ್ಣನ್ನು ನೇರ ಜೋಡಿಸಿದೆ. ಅವಳು ನೋಡುತ್ತಾಳೆ, ಏನು ನೋಡಿದಳೆಂದು ನಮಗೆ ಕಾಣುವುದಿಲ್ಲ.

ಆ ಸಂಜೆ ಯಾರೂ ನಗಲಿಲ್ಲ. ಅದೇ ಮುದುಕಿ ಪಕ್ಕದವಳಿಗೆ ಸಣ್ಣ ದನಿಯಲ್ಲಿ ಒಳಗೆ ಯಾರಿದ್ದಾರೆಂದು ಕೇಳಿದಳು. ಮರುದಿನ ಬಾವಿಯ ಹತ್ತಿರ, ಚಹದ ಅಂಗಡಿಯಲ್ಲಿ, ಗಿರಣಿಯ ಸಾಲಿನಲ್ಲಿ ಇದೇ ಪ್ರಶ್ನೆ. ಗಿರಣಿಯವನೇ ಬಂದು ನನ್ನನ್ನು ಕೇಳಿದ. ಸಿನಿಮಾ ಬಂದಾಗ ಡೇರೆ ತುಂಬಿತು. ಬಾಗಿಲಿನಿಂದ ಕೊನೆಗೂ ಹಿಟ್ಟಿನ ಮುಖ ಬಂದಾಗ ಜನ ಮತ್ತೆ ನಕ್ಕರು, ಆದರೆ ಆ ಹೊತ್ತಿಗೆ ಸಾಹುಕಾರರು ಟಿಕೀಟಿನ ಪೆಟ್ಟಿಗೆ ಮುಚ್ಚಿದ್ದರು.

ಟಿಕೋಟಾದ ಪರವಾನಿಗೆ ಮುಗಿದ ಮೇಲೆ ಡೇರೆ ಬಬಲೇಶ್ವರಕ್ಕೆ ಹೋಯಿತು. ಅದೇ ಸಿನಿಮಾ ಅಲ್ಲಿಗೂ ಬರುವುದಿತ್ತು. ಡೇರೆ ಹಾಕಿದ್ದು ಒಬ್ಬ ಹಿರಿಯರ ಖಾಲಿ ಹೊಲದಲ್ಲಿ. ಅವರೂ ಕುರಿ ಕಾಯುವ ನಮ್ಮ ಪೈಕಿಯೇ. ದೇವರ ಗುಡಿಯ ಪೂಜೆಯೂ ಅವರದೇ, ಸೊಂಟದಲ್ಲಿ ಸದಾ ಭಂಡಾರದ ಚೀಲ. ಭಂಡಾರವೆಂದರೆ ದೇವರ ಅರಿಸಿನ ಪುಡಿ. ಅದನ್ನು ಮುಟ್ಟಿ ಕೊಟ್ಟ ಮಾತನ್ನು ನಮ್ಮವರು ಮುರಿಯುವುದಿಲ್ಲ, ಅದನ್ನು ಹಣೆಗೆ ಹಚ್ಚಿದರೆ ಮಾತು ಮುಗಿದಂತೆ.

ಆ ಹಿರಿಯರಿಗೆ ಒಬ್ಬ ಮಗಳು. ಬೆಳಿಗ್ಗೆ ಡೇರೆಗೆ ಮಜ್ಜಿಗೆ ತಂದು ಕೊಡುತ್ತಿದ್ದಳು. ನಾನು ರೀಲು ಒರೆಸುತ್ತ ಕುಳಿತಿದ್ದರೆ, ಇಷ್ಟು ಸಣ್ಣ ಪಟ್ಟಿಯಲ್ಲಿ ಅಷ್ಟು ದೊಡ್ಡ ಮಂದಿ ಹೇಗೆ ಇರುತ್ತಾರೆಂದು ಕೇಳುತ್ತಿದ್ದಳು. ಕೇಳಿದ್ದಕ್ಕೆ ತಿಳಿಸಿ ಹೇಳುತ್ತಿದ್ದೆ. ಕೇಳದ್ದನ್ನೂ ಹೇಳುತ್ತಿದ್ದೆ. ಆಗ ಪ್ರತಿ ಸಿನಿಮಾದ ಮೊದಲು ಸರಕಾರದ ಒಂದು ಸಾಕ್ಷ್ಯಚಿತ್ರ ಹಾಕಲೇಬೇಕಿತ್ತು. ಆ ಸಲ ಬಂದದ್ದು ಕುರಿಗಳಿಗೆ ಲಸಿಕೆ ಹಾಕಿಸುವುದರ ಬಗ್ಗೆ. ಎರಡನೆಯ ದಿನವೇ ಅದು ಯಂತ್ರದಲ್ಲಿ ಹರಿಯಿತು. ಹರಿದ ತುದಿಯನ್ನು ಕತ್ತರಿಸಿ ಜೋಡಿಸಿದೆ. ಕತ್ತರಿಸಿದ ಮೊಳದುದ್ದದ ತುಂಡಿನಲ್ಲಿ ಒಂದು ಮರಿ ಗಾಳಿಯಲ್ಲಿ ಜಿಗಿಯುತ್ತಿತ್ತು. ಬಿಸಾಡಬೇಕಾದ ತುಂಡು. ಮರುದಿನ ಮಜ್ಜಿಗೆಯ ತಂಬಿಗೆ ತಿರುಗಿ ಕೊಡುವಾಗ ಅದನ್ನೂ ಅವಳಿಗೆ ಕೊಟ್ಟೆ. ಅವಳು ಬೇಡವೆನ್ನಲಿಲ್ಲ.

ಹೆಣ್ಣು ಕೇಳಲು ನನ್ನ ಪರವಾಗಿ ಸಾಹುಕಾರರೇ ಹೋದರು, ಹಿಂದೆ ನಾನು. ಹಿರಿಯರು ನಮ್ಮ ಮನೆತನ ಕೇಳಿ ತಲೆಯಾಡಿಸಿದರು. ಕೆಲಸ ಕೇಳಿದಾಗ ಎಲೆಅಡಿಕೆಯ ತಾಟನ್ನು ಹಿಂದಕ್ಕೆ ಸರಿಸಿದರು.

“ಕುರಿ ಕಾಯೂ ಮನ್ಯಾಗ ಹುಟ್ಟಿ ಬತ್ತಿ ಹಚ್ಚಾಕ ಹೋಗ್ಯಾನ,” ಎಂದರು ಸಾಹುಕಾರರಿಗೆ, ನಾನು ಅಲ್ಲಿ ಇಲ್ಲವೇನೋ ಎಂಬಂತೆ. “ಕತ್ತಲ್ಯಾಗ ನಿಂತು ಗುಂಡಿ ಒತ್ತೂದು ದುಡಿಮಿ ಏನ್ರಿ ಅದು?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದುಡಿಮೆಗೆ ಹೀಗೆಂದರೆ ತಡೆಯುವ ಜಾತಕ ನನ್ನದಲ್ಲ.

“ಕಾಕಾ, ನಾ ಬರೇ ಗುಂಡಿ ಒತ್ತಂಗಿಲ್ಲ. ಮನಸ್ಸು ಮಾಡಿದ್ರ ನಿಮ್ಮನ್ನ ಕುಂತ ಜಾಗಾದಿಂದ ಎಬ್ಬಸ್ತೀನಿ.”

ಅವರು ಮೀಸೆಯೊಳಗೆ ನಕ್ಕರು. “ನಾ ತೋಳದ ಕೂಡ ಜಗಳಾಡಿದಾಂವ. ಐತವಾರ ಬರ್ತೀನಿ. ದೆವ್ವ ಬರಲಿ, ದೆವ್ವದ ಅವ್ವ ಬರಲಿ, ನಾ ಕಂಬಳಿ ಬಿಟ್ಟು ಎದ್ರ ಮಗಳನ್ನ ಕೊಡ್ತೀನಿ. ಏಳಲಿಲ್ಲಂದ್ರ ನೀ ಡೇರೆ ಬಿಟ್ಟು ಊರಿಗೆ ಹೋಗಿ ಕುರಿ ಕಾಯಬೇಕು. ಆತೇನು?”

ಆಯಿತೆಂದೆ. ಅವರು ಭಂಡಾರದ ಚೀಲ ಮುಟ್ಟಿದರು. ದಾರಿಯಲ್ಲಿ ಸಾಹುಕಾರರು, ನೀನು ಹೋದರೆ ಯಂತ್ರ ನಡೆಸುವವರು ಯಾರೆಂದು ಗೊಣಗಿದರು. ನನ್ನ ಮದುವೆಯ ಚಿಂತೆ ಅವರಿಗೆ ಅಷ್ಟೇ ಇದ್ದದ್ದು.

ಮರುದಿನ ಮಜ್ಜಿಗೆ ಬಂತು, ತಂಬಿಗೆಯನ್ನು ನೆಲಕ್ಕೆ ಕುಕ್ಕಿದ ಸದ್ದಿನ ಸಮೇತ.

“ನಾ ಏನು ಸಂತ್ಯಾಗಿನ ಟಗರೇನ್ರಿ, ಪಣಕ್ಕ ಹಚ್ಚಾಕ?”

ಅವಳು ಕೇಳಿದ್ದು ಸರಿಯೇ ಇತ್ತು. ನೀನು ಒಲ್ಲೆನೆಂದರೆ ಈಗಲೇ ಹೋಗಿ ಸೋತೆನೆಂದು ಹೇಳಿಬರುತ್ತೇನೆ ಎಂದೆ. ಅವಳು ದೂರದ ಕುರಿದೊಡ್ಡಿಯ ಕಡೆ ಕೈ ತೋರಿಸಿದಳು. ಆಮೇಲೆ ಹೇಳಿದಳು, “ನಮ್ಮಪ್ಪ ದೆವ್ವಕ್ಕ ಅಂಜಂಗಿಲ್ಲ. ಸಂಜಿಗೆ ಕುರಿ ಎಣಿಕಿ ತಪ್ಪಿದ್ರ ಅಂಜ್ತಾನ.”

ಹೇಳಿ ಹೋದಳು. ಒಲ್ಲೆನೆಂದು ಅವಳು ಹೇಳಲಿಲ್ಲ ಎಂಬುದು ಅರ್ಧ ತಾಸಿನ ಮೇಲೆ ನನಗೆ ಹೊಳೆಯಿತು. ಕೂಡಲೇ ಎದ್ದು ಬ್ಲೇಡು ಹುಡುಕಿದೆ.

ಸಾಕ್ಷ್ಯಚಿತ್ರದ ರೀಲನ್ನು ಬಿಸಿಲಿಗೆ ಹಿಡಿದು ನೋಡಿದೆ. ಮೊದಲು ಗುಡ್ಡದ ಮೇಲಿಂದ ತೆಗೆದ ಒಂದು ಚಿತ್ರ. ಕೆಳಗೆ ಇಡೀ ಹಿಂಡು, ಕ್ಯಾಮೆರಾ ಅಲುಗುವುದಿಲ್ಲ. ಆಮೇಲೆ ದೊಡ್ಡಿಯ ಬಾಗಿಲ ಹತ್ತಿರ ಕುರಿಗಳು ಒಂದೊಂದಾಗಿ ಜಿಗಿದು ಒಳಗೆ ಹೋಗುವುದು. ಅದಕ್ಕೂ ಮೊದಲು ಬರಿದಾದ ದೊಡ್ಡಿಯ ಬಾಗಿಲು ಗಾಳಿಗೆ ತೂಗುವ ಒಂದು ತುಂಡೂ ಇತ್ತು. ಇದನ್ನೂ ಬಂಗಲೆಯ ಟ್ರೇಲರನ್ನೂ ಮುಂದಿಟ್ಟುಕೊಂಡು ಎರಡು ಮಧ್ಯಾಹ್ನ ಕುಳಿತೆ. ಗುಡ್ಡದ ಮೇಲಿನ ಚಿತ್ರವನ್ನು ಕುರಿ ಕಾಯುವವನೊಬ್ಬ ಎಣಿಸಿ ಮುಗಿಸುವಷ್ಟು ಉದ್ದ ಬಿಟ್ಟೆ. ದೊಡ್ಡಿಗೆ ಹದಿನೆಂಟು ಕುರಿ ಹೋಗಲು ಬಿಟ್ಟು ಅಲ್ಲೇ ಕತ್ತರಿಸಿದೆ. ಅಲ್ಲಿಗೆ ಬಂಗಲೆಯ ಪಡಸಾಲೆ ಜೋಡಿಸಿದೆ. ನೆಲಕ್ಕೆ ಹತ್ತಿದ ಕ್ಯಾಮೆರಾ, ಹತ್ತಿರವಾಗುವ ಬಾಗಿಲು, ತೆರೆದ ಕತ್ತಲೆ. ಕತ್ತಲೆಯ ಮೇಲೆ ನೇರವಾಗಿ ಬರಿದಾದ ದೊಡ್ಡಿಯ ಬಾಗಿಲು. ಕೊನೆಗೆ ಆ ಹೆಣ್ಣುಮಗಳ ಕಣ್ಣು.

ಇನ್ನೊಂದು ಗುಟ್ಟು. ರೀಲಿನಲ್ಲಿ ಚಿತ್ರ ಇರುವಲ್ಲಿಯೇ ಅದರ ಸದ್ದು ಇರುವುದಿಲ್ಲ, ಮೊಳಕ್ಕೆ ತುಸು ಕಡಿಮೆ ಮುಂದಿರುತ್ತದೆ. ಹೀಗೆ ಕತ್ತರಿಸಿ ಜೋಡಿಸಿದರೆ ಹಿಂದಿನ ಸದ್ದು ಮುಂದಿನ ಚಿತ್ರದ ಮೇಲೆ ಒಂದು ಗಳಿಗೆ ಉಳಿಯುತ್ತದೆ. ಬೇರೆಯವರು ಇದನ್ನು ಜೋಡಣೆಯ ದೋಷವೆನ್ನುತ್ತಾರೆ. ನನಗೆ ಇದರಿಂದ ಬಂಗಲೆಯ ಪಡಸಾಲೆಯಲ್ಲಿ ಒಂದು ಕುರಿ ಒದರಿದ್ದು ಸಿಕ್ಕಿತು.

ಸಾಹುಕಾರರು ಬಂದು ನೋಡಿ, ಸರಕಾರದ ಕುರಿ ಕೊಯ್ದೆಯೇನೋ ಎಂದು ಹಣೆ ಹಣೆ ಬಡಿದುಕೊಂಡರು. ಐತವಾರ ಕಳೆದ ಮೇಲೆ ಎಲ್ಲವನ್ನೂ ಮೊದಲಿನಂತೆ ಜೋಡಿಸುತ್ತೇನೆಂದು ಮಾತು ಕೊಟ್ಟೆ.

ಐತವಾರ ಹೊತ್ತು ಮುಳುಗುತ್ತಲೇ ಮೊದಲ ಆಟ. ಹಿರಿಯರು ಬಂದು ನಟ್ಟನಡುವೆ ಕಂಬಳಿ ಹಾಸಿ, ಚಕ್ಕಳಬಕ್ಕಳ ಕುಳಿತು, ಕೈ ಕಟ್ಟಿದರು. ಪಣದ ಸುದ್ದಿ ಊರಿಗೇ ಗೊತ್ತಾಗಿತ್ತು. ಪರದೆಗಿಂತ ಅವರನ್ನು ನೋಡಲು ಬಂದವರೇ ಹೆಚ್ಚು. ನಾನೂ ಪರದೆ ನೋಡಲಿಲ್ಲ. ಯಂತ್ರದ ಬೆಳಕಿನ ಅಂಚಿನಲ್ಲಿ ಅವರ ತಲೆಯ ರುಮಾಲು ಕಾಣುತ್ತಿತ್ತು, ಅದನ್ನೇ ನೋಡುತ್ತ ನಿಂತೆ.

ಗುಡ್ಡದ ಮೇಲಿನ ಚಿತ್ರ ಬಂತು. ರುಮಾಲು ಅಲುಗಲಿಲ್ಲ. ಆದರೆ ಕಟ್ಟಿದ ಕೈಯಲ್ಲಿ ಒಂದು ಬಿಚ್ಚಿ, ಹೆಬ್ಬೆರಳು ಬೆರಳಗೆಣ್ಣುಗಳ ಮೇಲೆ ಓಡತೊಡಗಿತು. ಕುರಿಗಳು ದೊಡ್ಡಿಗೆ ಜಿಗಿಯತೊಡಗಿದವು. ಒಂದೊಂದು ಕುರಿಗೂ ರುಮಾಲು ಒಮ್ಮೆ ಬಾಗಿತು. ಹದಿನೆಂಟು ಸಲ ಬಾಗಿ, ಹತ್ತೊಂಬತ್ತನೆಯದಕ್ಕೆ ಬಾಗಲು ಹೋಗಿ ಅರ್ಧಕ್ಕೆ ನಿಂತಿತು. ಪರದೆಯ ಮೇಲೆ ಪಡಸಾಲೆ. ಪಡಸಾಲೆಯಲ್ಲಿ ಕುರಿ ಒದರಿತು. ಹಿರಿಯರು ಎಡಕ್ಕೆ ವಾಲಿದರು. ಬಲಕ್ಕೆ ವಾಲಿದರು. ಪರದೆಯ ಅಂಚಿನ ಆಚೆ ಇಣುಕಿ ನೋಡಿದರೆ ಉಳಿದ ಕುರಿಗಳು ಕಂಡಾವೆಂಬಂತೆ ಕುತ್ತಿಗೆ ಚಾಚಿದರು. ಕ್ಯಾಮೆರಾ ಬಾಗಿಲಿನ ಕಡೆ ಸಾವಕಾಶ ನಡೆಯಿತು. ಬಾಗಿಲು ತೆರೆಯಿತು. ಕತ್ತಲೆ. ಆಮೇಲೆ ಬರಿದಾದ ದೊಡ್ಡಿಯ ಬಾಗಿಲು, ಗಾಳಿಗೆ ತೂಗುತ್ತ.

ಹಿರಿಯರು ಎದ್ದು ನಿಂತರು. ಕೈಯಲ್ಲಿ ಕೋಲೂ ಇತ್ತು.

“ಏ ನಿಂದರಸ್ರಿ. ಇನ್ನೂ ಐದು ಹೊರಗ ಅದಾವ.”

ಅವರೊಬ್ಬರೇ ಅಲ್ಲ. ಕುರಿ ಕಾಯುವವರು ಏಳೆಂಟು ಜನ ಡೇರೆಯ ತುಂಬ ಅಲ್ಲಲ್ಲಿ ಎದ್ದು ನಿಂತಿದ್ದರು. ಹೌದು ಐದೇ ಎಂದು ಒಬ್ಬ, ಇಲ್ಲ ಆರು ಎಂದು ಇನ್ನೊಬ್ಬ. ಒಬ್ಬನಂತೂ ಆಗಲೇ ಹೊರಬಾಗಿಲಿಗೆ ಹೋಗಿ ಕತ್ತಲಲ್ಲಿ ಕೂಗಿ ಕುರಿ ಕರೆಯುತ್ತಿದ್ದ. ಉಳಿದ ಜನಕ್ಕೆ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಮೇಲೆ ಎದ್ದ ನಗೆಗೆ ಡೇರೆಯ ಹಗ್ಗ ಸಡಿಲಾಗಿರಬೇಕು.

ನಾನು ಯಂತ್ರ ನಿಲ್ಲಿಸಿದೆ. ಹಿರಿಯರು ಕೆಳಗೆ ನೋಡಿದರು. ಕಂಬಳಿ ಎರಡು ಮಾರು ಹಿಂದಿತ್ತು.

ತಾನು ಅಂಜಿ ಎದ್ದಿಲ್ಲ, ಕುರಿಗಳ ಸಲುವಾಗಿ ಎದ್ದದ್ದು, ಎರಡಕ್ಕೂ ಫರಕು ಇದೆ ಎಂದು ಅವರು ಸಭೆಗೆ ವಾದ ಹೂಡಿದರು. ಹೌದೆಂದು ಅರ್ಧ ಮಂದಿ, ಅಲ್ಲವೆಂದು ಅರ್ಧ ಮಂದಿ. ಹೆಂಗಸರ ಕಡೆಯಿಂದ ಮಗಳ ದನಿ ಕೇಳಿತು.

“ಯಪ್ಪಾ, ಕಂಬಳಿ ಬಿಟ್ಟು ಎದ್ದೀಯೋ ಇಲ್ಲೋ, ಅಷ್ಟ ಹೇಳು.”

ಭಂಡಾರ ಮುಟ್ಟಿದ ಮನುಷ್ಯ. ಸುಳ್ಳು ಹೇಳಲಾರರು. “ಎದ್ದೀನಿ,” ಎಂದರು. ಆಮೇಲೆ ನನ್ನ ಕಡೆ ಕೋಲು ತೋರಿಸಿ, “ಆದ್ರ ಆ ಐದೂ ದೊಡ್ಡಿಗೆ ಹೋಗೂದನ್ನ ಕಣ್ಣಿಲೆ ನೋಡೂತನಕ ನಿನ್ನ ಹಣಿಗೆ ಭಂಡಾರ ಹಚ್ಚಂಗಿಲ್ಲ,” ಎಂದರು. ಹೋಗಿವೆ, ನಾನು ನೋಡಿದ್ದೇನೆ ಎಂದೆ. ಸಿನಿಮಾದವರ ಮಾತು ನಂಬುವುದಿಲ್ಲ ಎಂದರು.

ಬೆಳಿಗ್ಗೆ ಹೊತ್ತು ಹುಟ್ಟುತ್ತಲೇ ಬಂದು ಕುಳಿತರು. ಕತ್ತರಿಸಿಟ್ಟಿದ್ದ ಉಳಿದ ರೀಲನ್ನು ಡಬ್ಬಿಯಿಂದ ತೆಗೆದು ಬಿಸಿಲಿಗೆ ಹಿಡಿದೆ. ಇಬ್ಬರೂ ಒಂದೊಂದು ತುದಿ ಹಿಡಿದು, ಒಂದು ಕಣ್ಣು ಮುಚ್ಚಿ, ಚೌಕ ಚೌಕವಾಗಿ ಸರಿಸುತ್ತ ಎಣಿಸಿದೆವು. ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತೊಂದು, ಕುಂಟುವ ಕುರಿ. ಇಪ್ಪತ್ತೆರಡು. ಆಮೇಲೆ ನನ್ನ ಅಂಟಿನ ಜೋಡು, ಜೋಡು ದಾಟಿದರೆ ಮುಚ್ಚಿದ ಬಾಗಿಲು.

ಅವರು ಮತ್ತೆ ಮೊದಲಿನಿಂದ ಎಣಿಸಿದರು. ಇಪ್ಪತ್ತೆರಡೇ.

“ಹಣಿಮ್ಯಾಲ ಬಿಳಿ ಚುಕ್ಕಿ ಇರೂ ಮರಿ ಬಂದಿಲ್ಲ,” ಎಂದರು ಮೆಲ್ಲಗೆ. ಮನೆಯ ಕೂಸು ಕಳೆದವರ ದನಿ ಅದು.

ಮರಿ ಎಲ್ಲಿದೆಯೆಂದು ನನಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಹೇಳಿದರೆ, ಮದುವೆಗೆ ಮುಂಚೆ ಅವರ ಮಗಳ ಕೈಗೆ ನಾನು ಏನೇನೋ ಕೊಟ್ಟವನಾಗುತ್ತೇನೆ. ಹೇಳದಿದ್ದರೆ ಮರಿ ಬರುವುದಿಲ್ಲ, ಭಂಡಾರವೂ ಬರುವುದಿಲ್ಲ. ಟಿಕೋಟಾವನ್ನು ಅಂಜಿಸಿದ ನಾನು, ಇಲ್ಲವೆಂದು ಗೊತ್ತಿದ್ದೂ ಡಬ್ಬಿಯ ತಳ ತಡಕಿದೆ. ತಲೆಯೆತ್ತಿದರೆ ಅವಳು ಮಜ್ಜಿಗೆ ತಂಬಿಗೆ ಹಿಡಿದು ನಿಂತಿದ್ದಾಳೆ. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ.

ತಂಬಿಗೆ ಕೆಳಗಿಟ್ಟಳು. ಅಪ್ಪನ ಬೆನ್ನ ಹಿಂದಿನಿಂದ ಒಂದೊಂದೇ ಹೆಜ್ಜೆ ನಡೆದು ಬಂದಳು. ಎಂಟೋ ಹತ್ತೋ ಹೆಜ್ಜೆ. ಯಾವ ಬಂಗಲೆಯ ಯಾವ ಕ್ಯಾಮೆರಾವೂ ಅಂಥ ನಡಿಗೆ ನಡೆದಿಲ್ಲ, ನಮ್ಮ ಮಾಸ್ತರರೂ ನಡೆದಿಲ್ಲ. ಹತ್ತಿರ ಬಂದು ಸೆರಗಿನ ಗಂಟು ಬಿಚ್ಚಿ, ಸುರುಳಿ ಸುತ್ತಿದ ಮೊಳದುದ್ದದ ರೀಲನ್ನು ಅಪ್ಪನ ಕೈಯಲ್ಲಿಟ್ಟಳು.

ಅವರು ಅದನ್ನು ಬಿಸಿಲಿಗೆ ಹಿಡಿದರು. ಹಣೆಯ ಮೇಲೆ ಬಿಳಿ ಚುಕ್ಕೆಯ ಮರಿ, ನಾಲ್ಕೂ ಕಾಲು ಮೇಲೆತ್ತಿ, ದೊಡ್ಡಿಯ ಹೊಸ್ತಿಲ ಮೇಲೆ ಗಾಳಿಯಲ್ಲಿತ್ತು.

“ಇಪ್ಪತ್ಮೂರು,” ಎಂದು ಉಸಿರು ಬಿಟ್ಟರು.

ನಾನೂ ಬಿಟ್ಟೆ. ಬಿಡಬಾರದಿತ್ತು. ಅವರ ಮುಖ ಮರಿಯಿಂದ ಮಗಳ ಕಡೆಗೆ, ಮಗಳಿಂದ ನನ್ನ ಕಡೆಗೆ ಸಾವಕಾಶ ತಿರುಗಿತು. ಇದು ನಿನ್ನ ಸೆರಗಿಗೆ ಹೇಗೆ ಬಂತೆಂದು ಮಗಳನ್ನು ಕೇಳಿದರು. ಅವಳು ಮಜ್ಜಿಗೆ ಆರುತ್ತದೆ ಎಂದಳು. ಮಜ್ಜಿಗೆ ಯಾವಾಗ ಬಿಸಿಯಿರುತ್ತದೋ ದೇವರಿಗೇ ಗೊತ್ತು.

ಹಿರಿಯರು ಚೀಲ ಬಿಚ್ಚಿ ಭಂಡಾರವನ್ನು ಚಿಟಿಕೆಯಲ್ಲಿ ಅಲ್ಲ, ಹಿಡಿ ತುಂಬ ತೆಗೆದರು. ನನ್ನ ಹಣೆಗೆ ಹೊಡೆದರೋ ಹಚ್ಚಿದರೋ ಇಂದಿಗೂ ಹೇಳಲಾರೆ. ಮೂಗು ಕಣ್ಣು ಎಲ್ಲ ಹಳದಿ. ಸೀನು ಮುಗಿದ ಮೇಲೆ, ಮಾತು ತಿರುಗಿಸಲೆಂದು ಕೇಳಿದೆ, “ಎಲ್ಲಾ ಬಂದ್ವಲ್ಲ, ಮಾವಾರ?”

“ಕುರಿ ಬಂದ್ವು,” ಎಂದರು. “ಮನ್ಯಾಗಿನ ಎಣಿಕಿ ತಪ್ಪೇತಿ.”

ಆ ತುಂಡು ಈಗಲೂ ನನ್ನ ಹೆಂಡತಿಯ ಕುಂಕುಮದ ಡಬ್ಬಿಯಲ್ಲಿದೆ. ಉಳಿದ ರೀಲನ್ನು ಸಾಹುಕಾರರಿಗೆ ಕೊಟ್ಟ ಮಾತಿನಂತೆ ಜೋಡಿಸಿ ಹುಬ್ಬಳ್ಳಿಗೆ ಕಳಿಸಿದೆ, ಇಪ್ಪತ್ತೆರಡು ಕುರಿಗಳ ಸಮೇತ. ಅಲ್ಲಿಂದ ಒಂದು ಕಾಗದವೂ ಬರಲಿಲ್ಲ. ಅವರು ಕುರಿ ಕಾಯುವ ಮಂದಿ ಅಲ್ಲ, ಎಣಿಸಿರಲಿಕ್ಕಿಲ್ಲ.